ಏಳನೇ ನಂಬರಿನ ಹಲ್ಲು

ಫೆಬ್ರವರಿ 3, ಸೋಮವಾರ

ಇವತ್ತೂ ಅತ್ತೆ ಹಲ್ಲಿನ ಸೆಟ್ಟು ಹಾಕಿಕೊಳ್ಳಲಿಲ್ಲ. ಲೋಟದ ನೀರು ಬದಲಿಸಿ ಇಟ್ಟು ಬಂದೆ. ಊರಿಗೆಲ್ಲ ಹಲ್ಲು ಮಾಡಿಕೊಡುವವಳ ಮನೆಯಲ್ಲೇ ಬೊಚ್ಚು ಬಾಯಿ. ಕೇಳಿದರೆ, "ನೀನು ಮಾಡಿದ ಹಲ್ಲು ನನ್ನ ಮಾತಿಗೆ ಅಡ್ಡ ಬರುತ್ತೆ ಕಣೆ" ಅನ್ನುತ್ತಾರೆ. ಅವರ ಮಾತಿಗೆ ಅಡ್ಡ ಬಂದು ಉಳಿದವರು ಈ ಮನೆಯಲ್ಲಿ ಯಾರೂ ಇಲ್ಲ.

ಲ್ಯಾಬ್‌ನಲ್ಲಿ ಬೆಳಿಗ್ಗೆ ಪೂರ್ತಿ ಪಿಂಗಾಣಿ ಹಲ್ಲುಗಳ ಕೆಲಸ. ಫರ್ನೇಸ್ ಮತ್ತೆ ಕೈಕೊಟ್ಟಿತು. ಮಧ್ಯಾಹ್ನ ಲ್ಯಾಬ್‌ನ ಯಜಮಾನರು ಎಲ್ಲರನ್ನೂ ಕರೆದು ಗೋಡೆಯ ಮೇಲಿನ ಹೊಸ ಪೋಸ್ಟರ್ ತೋರಿಸಿದರು. ಸರ್ಕಾರದ್ದು. ಕೆಲಸ ಕೊಡುವಾಗ ಧರ್ಮ ನೋಡಬಾರದು, ನೋಡಿದರೆ ಶಿಕ್ಷೆ, ದೂರಿದ್ದರೆ ಈ ನಂಬರಿಗೆ ಫೋನ್ ಮಾಡಿ. ಇನ್ನು ಮೇಲೆ ಅರ್ಜಿಯಲ್ಲಿ ಹೆಸರಿಲ್ಲ, ಫೋಟೋ ಇಲ್ಲ. ಯಾವ ಬೀದಿ, ಎಲ್ಲಿ ಕಲಿತದ್ದು — ಅದೂ ಇಲ್ಲ. ನಂಬರ್ ಒಂದೇ. ಸರ್ಕಾರಿ ಆಸ್ಪತ್ರೆಗಳಿಗೆ ಹಲ್ಲು ಕಳಿಸುವ ಲ್ಯಾಬ್ ನಮ್ಮದು, ಆದ್ದರಿಂದ ಕಡ್ಡಾಯ. ಪಾಲಿಸದಿದ್ದರೆ ಆರ್ಡರ್ ಹೋಗುತ್ತದೆ.

ಪೋಸ್ಟರ್ ಅಂಟಿಸಿದ್ದು ಏಪ್ರನ್ ತಗುಲಿಹಾಕುವ ಮೊಳೆಗಳ ಕೆಳಗೆ. ಸಂಜೆಯ ಹೊತ್ತಿಗೆ ಅದರ ಮೇಲೆ ಏಪ್ರನ್‌ಗಳ ಸಾಲು. ಬೇಕೆಂದು ಯಾರೂ ಮಾಡಿದ್ದಲ್ಲ. ಮೊಳೆ ಮೊದಲಿಂದಲೂ ಅಲ್ಲೇ ಇತ್ತು. ನಾನೂ ನನ್ನದನ್ನು ಅಲ್ಲೇ ತಗುಲಿಹಾಕಿ ಬಂದೆ.

ಫೆಬ್ರವರಿ 7, ಶುಕ್ರವಾರ

ಯಜಮಾನರು ರೂಮಿಗೆ ಕರೆದರು. "ಬಾಗಿಲು ಹಾಕ್ಕೊಂಡು ಬನ್ನಿ" ಅಂದರು. ಬಾಗಿಲು ಹಾಕು ಅಂದಾಗಲೇ ನನಗೆ ಗೊತ್ತಾಗಬೇಕಿತ್ತು.

ಇಬ್ಬರು ಹೊಸ ಕೆಲಸಗಾರರು ಬೇಕು. ಅರ್ಜಿ ಹನ್ನೆರಡು. ಪರೀಕ್ಷೆ ಸರ್ಕಾರಿ ತರಬೇತಿ ಕೇಂದ್ರದಲ್ಲಿ. ಪ್ರತಿಯೊಬ್ಬರೂ ಮೇಣದ ತುಂಡಿನಲ್ಲಿ ಒಂದು ದವಡೆ ಹಲ್ಲು ಕೆತ್ತಬೇಕು. ಅದು ನಂಬರ್ ಹಚ್ಚಿದ ಡಬ್ಬಿಯಲ್ಲಿ ಇಲ್ಲಿಗೆ ಬರುತ್ತದೆ. ಅಂಕ ಹಾಕುವವರು ಮೂವರು — ಸರ್ಕಾರಿ ಆಸ್ಪತ್ರೆಯ ಹಲ್ಲಿನ ಡಾಕ್ಟರು, ತರಬೇತಿ ಕೇಂದ್ರದ ಮೇಷ್ಟ್ರು, ಲ್ಯಾಬ್ ಪರವಾಗಿ ನಾನು.

"ನನಗೇನಿಲ್ಲಮ್ಮ" ಅಂದರು ಯಜಮಾನರು. "ನನ್ನ ಕಣ್ಣಿಗೆ ಎಲ್ಲರೂ ಒಂದೇ. ಆದ್ರೆ ಆ ಧರ್ಮದೋರು ಬಂದ್ರೆ ಊಟದ ರೂಮಲ್ಲಿ ಮುಖ ತಿರುಗಿಸೋದು, ಗುಸುಗುಸು... ಅದೆಲ್ಲ ಬೇಕಾ? ಆಮೇಲೆ ಪ್ರಾರ್ಥನೆಗೆ ಬಿಡುವು ಕೊಡಿ ಅಂತಾರೆ. ಕಾನೂನಲ್ಲಿ ಅದೂ ಇದೆ, ಕೊಡಲೇಬೇಕು. ಡೆಲಿವರಿ ಯಾರು ನೋಡ್ಕೊಳ್ಳೋದು?"

"ನಂಬರ್ ಮಾತ್ರ ಇರುತ್ತಲ್ಲ ಸರ್. ಯಾರದು ಅಂತ ನನಗೆ ಹೇಗೆ ಗೊತ್ತಾಗುತ್ತೆ?"

ನಕ್ಕರು. "ಮೇಣದಜ್ಜನ ಪಕ್ಕ ಹದಿನಾಲ್ಕು ವರ್ಷ ಕೂತವರು ನೀವು. ನಿಮಗೆ ಗೊತ್ತಾಗಲ್ವಾ?"

ಗೊತ್ತಾಗುತ್ತದೆ. ಅದೇ ತೊಂದರೆ. ನಮ್ಮ ಲ್ಯಾಬ್‌ನಲ್ಲಿ ಇದುವರೆಗೆ ಕೆಲಸ ಮಾಡಿದ ಆ ಧರ್ಮದವರು ಮೇಣದಜ್ಜ ಒಬ್ಬರೇ. ಮೇಣದ ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ತಲೆ ಬೇಗ ಬೆಳ್ಳಗಾಗಿತ್ತು, ಅದಕ್ಕೆ ಆ ಹೆಸರು. ಕೈ ನಡುಗಲು ಶುರುವಾಗಿ ಹೋದ ವರ್ಷ ಬಿಟ್ಟರು. ಅವರ ಪ್ರಾರ್ಥನಾ ಮಂದಿರದ ಪಕ್ಕ ಸಣ್ಣ ಕಾರ್ಖಾನೆ ಇದೆ, ಅವರ ಜನದ ಮಕ್ಕಳೆಲ್ಲ ಈ ಕೆಲಸ ಕಲಿಯುವುದು ಅಲ್ಲೇ. ಅಲ್ಲಿನ ಮೊದಲ ಗುರು ಎಡಗೈಯವರಂತೆ. ಹಾಗಾಗಿ ಅಲ್ಲಿ ಕಲಿತವರು ಹಲ್ಲಿನ ನೆತ್ತಿಯ ಗೀರುಗಳನ್ನು ನಮಗಿಂತ ಉಲ್ಟಾ ಎಳೆಯುತ್ತಾರೆ. ಗೀರಿನ ಬಾಲ, ಅಂದರೆ ಅದು ಸಣ್ಣಗಾಗುವ ತುದಿ, ನಾಲಿಗೆಯ ಕಡೆಗೆ ಒಳಗಡೆ ಬರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ, ಅದೂ ಗೊತ್ತಿದ್ದವರಿಗೆ ಮಾತ್ರ. ನನಗೆ ತೋರಿಸಿಕೊಟ್ಟಿದ್ದು ಅಜ್ಜನೇ, ತಮಾಷೆಗೆ. "ನೋಡು ಮಗಳೇ, ಇದು ನಮ್ಮೋರ ಸಹಿ."

ಸರ್ಕಾರ ಚಾಪೆ ಕೆಳಗೆ ತೂರಿದರೆ ಯಜಮಾನರು ರಂಗೋಲಿ ಕೆಳಗೆ. ಹೀಗೆ ಮಾಡಿ ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ. ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಎದ್ದು ಬರುವಾಗ ಅಂದರು: "ಆ ಕಿಟಕಿ ಪಕ್ಕದ ಬೆಂಚು ಖಾಲಿ ಬಿದ್ದಿದೆ. ನಿಮ್ಮ ಕಣ್ಣಿಗೂ ಈಗ ಬೆಳಕು ಬೇಕು ಅಲ್ವಾ?"

ಫೆಬ್ರವರಿ 12, ಬುಧವಾರ

ಅಂಕ ಹಾಕಿ ಬಂದೆ.

ತಪಾಸಣೆಯ ಅಧಿಕಾರಿ ಸಣ್ಣ ವಯಸ್ಸಿನ ಹೆಣ್ಣುಮಗಳು. ಬಂದವಳೇ ಪೋಸ್ಟರ್ ಮೇಲಿನ ಏಪ್ರನ್‌ಗಳನ್ನೆಲ್ಲ ತೆಗೆದು ಕುರ್ಚಿಯ ಮೇಲೆ ಹಾಕಿದಳು. "ಇದು ಕಾಣ್ಬೇಕು" ಅಂದಳು, ಅಷ್ಟೆ. ನನ್ನದೇ ಎಲ್ಲಕ್ಕಿಂತ ಮೇಲಿತ್ತು.

ನಿಯಮ ಓದಿದಳು. ಒಬ್ಬೊಬ್ಬರೇ ಒಳಗೆ ಹೋಗಿ ಅಂಕ ಹಾಕಬೇಕು, ಹತ್ತಕ್ಕೆ. ಮಾತಾಡುವಂತಿಲ್ಲ. ಏಳಕ್ಕಿಂತ ಕಡಿಮೆ ಹಾಕಿದರೆ ಒಂದು ಸಾಲು ಕಾರಣ ಬರೆಯಬೇಕು, ಆ ಸಾಲು ಅಭ್ಯರ್ಥಿಗೆ ಅಂಚೆಯಲ್ಲಿ ಹೋಗುತ್ತದೆ. ಮೂವರ ಅಂಕಗಳಲ್ಲಿ ಮೂರಕ್ಕಿಂತ ಹೆಚ್ಚು ಅಂತರ ಬಂದರೆ ಅವಳೆದುರು ಕೂತು ವಿವರಣೆ ಕೊಡಬೇಕು.

ಏಳನೇ ನಂಬರಿನ ಡಬ್ಬಿ ತೆರೆದೆ. ಎತ್ತಿಕೊಂಡಾಗಲೇ ಗೊತ್ತಾಯಿತು. "ಹಲ್ಲು ಅಂದ್ರೆ ಹಸಿದಿರಬೇಕು ಮಗಳೇ" ಅನ್ನುತ್ತಿದ್ದರು ಅಜ್ಜ. ಇದು ಹಸಿದ ಹಲ್ಲು. ಈಗ ತಾನೇ ಒಸಡು ಸೀಳಿ ಬಂದ ಹಾಗೆ ಮೊನೆಗಳು. ಆದರೂ ಬೆಳಕಿಗೆ ಓರೆ ಹಿಡಿದೆ. ಯಾಕೆ ಹಿಡಿದೆ? ಹಲ್ಲು ನೋಡಲು ಅದರ ಅಗತ್ಯವಿರಲಿಲ್ಲ. ಗೀರಿನ ಬಾಲ ಒಳಗಡೆ.

ಹನ್ನೆರಡರಲ್ಲಿ ಇದೇ ಎಲ್ಲಕ್ಕಿಂತ ಚೆನ್ನ. ಒಂಬತ್ತಕ್ಕೆ ಕಡಿಮೆ ಇಲ್ಲ. ಉಳಿದಿಬ್ಬರೂ ಅಷ್ಟೇ ಹಾಕುತ್ತಾರೆ. ನಾನು ಐದು ಹಾಕಿದರೆ ಸಿಕ್ಕಿಬೀಳುತ್ತೇನೆ. ಆರು ಹಾಕಿದೆ. ಕಾರಣ: "ಮೊನೆಗಳು ಅತಿ ಚೂಪು. ಕೆನ್ನೆ, ನಾಲಿಗೆ ಕಡಿಯುವ ಸಂಭವ." ಕಳ್ಳನಿಗೊಂದು ಪಿಳ್ಳೆ ನೆವ. ಅಕ್ಷರಗಳು ದುಂಡಗೆ ಬಂದಿವೆ.

ನನಗೆ ಅವರ ಮೇಲೆ ದ್ವೇಷವಿಲ್ಲ. ಇದನ್ನು ಇಲ್ಲಿ ಬರೆದಿಡುತ್ತೇನೆ. ದ್ವೇಷವಿಲ್ಲ. ಹಾಗಿದ್ದರೆ ಏನಿತ್ತು? ಊಟದ ರೂಮು ನೆಮ್ಮದಿಯಾಗಿರಲಿ ಅಂತ. ಯಜಮಾನರ ಮುಖ ಕೆಡದಿರಲಿ ಅಂತ.

ಹೊರಡುವಾಗ ಅಧಿಕಾರಿ ಅಂದಳು: "ಥ್ಯಾಂಕ್ಸ್ ಮೇಡಂ. ನಿಮ್ಮಂಥ ಅನುಭವ ಇರೋರು ಇದ್ರೆ ಈ ಕಾನೂನು ನಿಜವಾಗ್ಲೂ ಕೆಲಸ ಮಾಡುತ್ತೆ."

ಫೆಬ್ರವರಿ 13, ಗುರುವಾರ

ಮಗಳು ಕಂಪ್ಯೂಟರ್ ಮುಂದೆ ಕುಣಿಯುತ್ತಿದ್ದಳು. ಅವಳ ಮೊದಲ ಕೆಲಸದ ಅರ್ಜಿ. "ಅಮ್ಮಾ, ಹೆಸರೇ ಕೇಳಲ್ಲ ನೋಡು! ಬರೀ ನಂಬರ್. ಇನ್ಮೇಲೆ ಸೆಲೆಕ್ಟ್ ಆಗಲಿಲ್ಲ ಅಂದ್ರೆ ಯಾರನ್ನೂ ಬಯ್ಯೋ ಹಾಗಿಲ್ಲ, ನನ್ನದೇ ತಪ್ಪು ಅಂತ ಅರ್ಥ."

ಹೌದು ಅಂದೆ. ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದೆ. ಎಲ್ಲೋ ಒಂದು ಮನೆಯಲ್ಲಿ ಏಳನೇ ನಂಬರಿನವರೂ ಹೀಗೇ ಅಂದುಕೊಳ್ಳುತ್ತಾರೆ.

ಫೆಬ್ರವರಿ 24, ಸೋಮವಾರ

ಫಲಿತಾಂಶ. ಏಳನೇ ನಂಬರಿಗೆ ಮೂರನೇ ಸ್ಥಾನ. ಕೂದಲೆಳೆಯಲ್ಲಿ ತಪ್ಪಿತು ಅಂದರು ಮೇಷ್ಟ್ರು, ಪಾಪ ಅಂತಲೂ ಅಂದರು. ಆಯ್ಕೆಯಾದ ಇಬ್ಬರೂ ನಮ್ಮವರೇ. ಒಳ್ಳೆಯ ಹುಡುಗರು. ಕೆಲಸ ಸುಮಾರು.

ಯಜಮಾನರು ಫಲಿತಾಂಶದ ಹಾಳೆ ಮಡಿಸಿ ಜೇಬಿಗಿಟ್ಟರು. ನನ್ನ ಸಾಮಾನುಗಳನ್ನು ಕಿಟಕಿ ಪಕ್ಕದ ಬೆಂಚಿಗೆ ಸಾಗಿಸಲು ಹೇಳಿದರು. ಅಜ್ಜನ ಬೆಂಚು. ಮರದ ಮೇಲೆ ಅವರ ಊಟದ ಡಬ್ಬಿಯ ದುಂಡಗಿನ ಕಲೆ ಹಾಗೇ ಇದೆ. ಅವರು ಇಲ್ಲೇ ಒಬ್ಬರೇ ಕೂತು ಉಣ್ಣುತ್ತಿದ್ದರು, ನಾವೆಲ್ಲ ಊಟದ ರೂಮಿನಲ್ಲಿ. ಅವರಿಗೆ ಇಲ್ಲೇ ಇಷ್ಟ ಅಂದುಕೊಂಡಿದ್ದೆ. ಕೇಳಿದ್ದರೆ ತಾನೆ ಗೊತ್ತಾಗುವುದು.

ಬೆಳಕು ಚೆನ್ನಾಗಿದೆ. ಕನ್ನಡಕ ಇಲ್ಲದೆಯೂ ಒಂದೊಂದು ಗೀರು ಕಾಣುತ್ತದೆ.

ಮಾರ್ಚ್ 9, ಭಾನುವಾರ

ಅಜ್ಜ ಬಂದಿದ್ದರು. ಮನೆಗೆ. ಇಷ್ಟು ವರ್ಷದಲ್ಲಿ ಎರಡನೇ ಸಲವೋ ಮೂರನೇ ಸಲವೋ.

ಇಳಿದುಹೋಗಿದ್ದಾರೆ. ಕಪ್ ತಟ್ಟೆಗೆ ಬಡಿದು ಶಬ್ದವಾಗುತ್ತಿತ್ತು, ಎರಡೂ ಕೈಯಲ್ಲಿ ಹಿಡಿದು ಚಹಾ ಕುಡಿದರು. ಅತ್ತೆಗೆ ಅವರನ್ನು ಕಂಡರೆ ಖುಷಿ. "ನಿಮ್ಮ ಶಿಷ್ಯೆ ಮಾಡಿದ ಹಲ್ಲು ಲೋಟದಲ್ಲಿ ಈಜಾಡ್ತಿದೆ ನೋಡಿ" ಅಂದರು. ಅಜ್ಜ ನಕ್ಕರು. "ಹಾಕ್ಕೊಳ್ಳಿ ತಾಯಿ, ಅವಳ ಕೈಕೆಲಸ ಸುಮ್ನೆ ಅಲ್ಲ."

ಆಮೇಲೆ ಜೇಬಿನಿಂದ ಬಟ್ಟೆಯ ಗಂಟು ತೆಗೆದರು. ಬಿಚ್ಚಿದರು. ಮೇಣದ ಹಲ್ಲು.

"ಮೊಮ್ಮಗಳದ್ದು. ಪರೀಕ್ಷೇಲಿ ಕೆತ್ತಿದ್ದು ಆ ಅಧಿಕಾರಿ ಹತ್ರಾನೇ ಇದೆಯಂತಲ್ಲ, ಅದೇ ತರ ಇನ್ನೊಂದು ಕೆತ್ತಿಸಿ ತಂದೆ. ಏಳನೇ ನಂಬರ್ ಅವಳದೇ."

ನಾನು ತಟ್ಟೆ ಹಿಡಿದು ನಿಂತಿದ್ದೆ. ಕೂತುಕೊಂಡೆ. ಅವರಿಗೆ ಮೊಮ್ಮಗಳಿದ್ದಾಳೆಂದು ಗೊತ್ತಿತ್ತು. ನಾನು ಕಡೆಯ ಸಲ ಕೇಳಿದಾಗ ಸ್ಕೂಲಿಗೆ ಹೋಗುತ್ತಿದ್ದಳು. ನಡುವೆ ಕೇಳಿರಲೇ ಇಲ್ಲ.

"ಕಾಗದ ಬಂತು ಮಗಳೇ. ಮೊನೆ ಅತಿ ಚೂಪು ಅಂತ. ಅಳ್ತಾ ಕೂತಿದ್ದಾಳೆ. ಅವಳಪ್ಪನ ಅಂಗಡಿ ಮುಚ್ಚಿತು, ಈಗ ಮನೆ ನಡೀಬೇಕಾದ್ದು ಇವಳಿಂದಲೇ. ಇಲ್ಲಿ ಸಿಗದಿದ್ರೆ ಪ್ಯಾಕಿಂಗ್ ಶೆಡ್ಡಿಗೆ ಹೋಗ್ಬೇಕು. ಈ ಕೈ ಇಟ್ಕೊಂಡು ಡಬ್ಬಿ ಕಟ್ಟೋದಾ ಅಂತ ನನಗೆ ಸಂಕಟ." ಬಟ್ಟೆಯ ಮಡಿಕೆ ಸರಿಮಾಡುತ್ತ ಅಂದರು: "ದೂರು ಕೊಡ್ತೀನಿ ಅಂತ ಕೂತಿದ್ಲು. ಮೂರು ತಿಂಗಳು ಟೈಮಿದೆಯಂತೆ. ಧರ್ಮ ನೋಡಿ ಬಿಟ್ಟಿದ್ದಾರೆ ಅಂತಾಳೆ. ನಾನು ಬೈದೆ."

"ಬೈದ್ರಾ?"

"ಬೈಯದೆ? ಅಲ್ಲಿ ಹಲ್ಲು ನೋಡೋರು ಯಾರು ಅಂತ ಗೊತ್ತೇನೆ ನಿನಗೆ ಅಂದೆ. ನನ್ನ ಪಕ್ಕ ಕೂತವಳು ಅವಳು. ಅವಳು ತಪ್ಪು ಅಂದ್ರೆ ತಪ್ಪು ಇದ್ದೇ ಇರುತ್ತೆ ಅಂದೆ. ದೂರಿನ ಮಾತು ಎತ್ತಬಾರದು ಅಂತ ಆಣೆ ಹಾಕಿಸ್ಕೊಂಡೆ." ಹಲ್ಲನ್ನು ನನ್ನ ಮುಂದೆ ಚಾಚಿದರು. ಅಂಗೈ ಮೇಲೆ ಹಲ್ಲೂ ನಡುಗುತ್ತಿತ್ತು. "ಎಲ್ಲಿ ತಪ್ಪಿದೆ, ತೋರಿಸಿಬಿಡು. ನಾನು ತಿದ್ದಿಸ್ತೀನಿ."

ಆಗ ಹೇಳಬಹುದಿತ್ತು. ಒಂದೇ ಮಾತು. ಅತ್ತೆ ಇದ್ದರು, ನನ್ನ ಗಂಡ ಪೇಪರ್ ಹಿಡಿದು ಕೂತಿದ್ದರು, ಮಗಳು ಒಳಗಿದ್ದಳು... ಎಲ್ಲರೂ ಹೋದ ಮೇಲೆ ಹೇಳುವಾ ಅನಿಸಿತು. ಅಷ್ಟರಲ್ಲಿ ಕೈ ಹಲ್ಲನ್ನು ತೆಗೆದುಕೊಂಡಿತ್ತು. ಭೂತಗನ್ನಡಿ ತಂದೆ — ಅದೊಂದು ನಾಟಕ ಬೇರೆ. ಕಡ್ಡಿಯ ತುದಿಯಲ್ಲಿ ತೋರಿಸಿದೆ.

"ಈ ಮೊನೆ... ಮತ್ತೆ ಇದು. ಸ್ವಲ್ಪ ತಗ್ಗಿಸ್ಬೇಕು ಅಜ್ಜ. ಇಲ್ಲೆಲ್ಲ ದುಂಡಗೆ ಬರಬೇಕು."

ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಹೌದಾ? ನನಗೆ ಕಾಣ್ತಿಲ್ಲ. ವಯಸ್ಸಾಯ್ತು." ಮತ್ತೆ ಬಟ್ಟೆಯಲ್ಲಿ ಕಟ್ಟಿಕೊಂಡರು. "ನಾನೂ ಜೀವಮಾನ ಪೂರ್ತಿ ಹೀಗೇ ಕೆತ್ತಿದ್ನಲ್ಲ ಮಗಳೇ. ಯಾರೂ ಹೇಳಲಿಲ್ಲ. ಹೋಗ್ಲಿ, ಈಗಾದ್ರೂ ಗೊತ್ತಾಯ್ತು."

ಗೇಟಿನ ತನಕ ಹೋಗಿ ಬಿಟ್ಟುಬಂದೆ. ದಾರಿಯಲ್ಲಿ ನಾವಿಬ್ಬರೇ ಇದ್ದೆವು. ಆಗಲೂ ಹೇಳಲಿಲ್ಲ.

ಒಳಗೆ ಬಂದರೆ ಅತ್ತೆ: "ಅಷ್ಟು ಒಳ್ಳೆ ಮನುಷ್ಯರ ಮುಂದೆ ಯಾಕೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಕೊಂಡು ಕೂತಿದ್ದೆ?" ತಲೆನೋವು ಅಂದೆ.

ಮಾರ್ಚ್ 10, ಸೋಮವಾರ

ಬರೆಯಲು ಏನೂ ಇಲ್ಲ. ಇದೆ. ಬೇಡ.

ಮಾರ್ಚ್ 28, ಶುಕ್ರವಾರ

ಹೊಸದಾಗಿ ಬಂದ ಇಬ್ಬರಲ್ಲಿ ಒಬ್ಬ ನಿನ್ನೆ ಬಿಟ್ಟುಹೋದ. ಹಲ್ಲಿನ ಸೆಟ್ಟಿಗೆ ಬಳಸುವ ಪುಡಿ ಅವನಿಗೆ ಒಗ್ಗಲಿಲ್ಲ, ಕೈಯೆಲ್ಲ ಬೊಬ್ಬೆ. ಮೂರನೇ ಸ್ಥಾನದವರನ್ನು ಕರೆದುಬಿಡಬಹುದಾ ಅಂತ ಅಧಿಕಾರಿಗೆ ಫೋನ್ ಮಾಡಿಸಿದೆ. ಆಗದಂತೆ. ಸ್ಥಾನ ಖಾಲಿಯಾದರೆ ಮತ್ತೆ ಪರೀಕ್ಷೆ, ಹೊಸ ನಂಬರ್. ಹಳೆಯವರೂ ಬರಬಹುದು.

ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಹುಡುಗನ ಕೈಗೆ ಮುಲಾಮು ಕೂಡ ನಾನೇ ತಂದುಕೊಟ್ಟೆ. ದೇವರು ಇನ್ನೊಂದು ಅವಕಾಶ ಕೊಟ್ಟ. ಈ ಸಲ ಹತ್ತಕ್ಕೆ ಹತ್ತು.

ರಾತ್ರಿ ಗಂಡನಿಗೆ ಎಲ್ಲ ಹೇಳಿದೆ. ಪೇಪರ್ ಮಡಿಸಿಟ್ಟು ಕೇಳಿದರು. ಕೊನೆಗೆ, "ಆಗಿದ್ದು ಆಗಿಹೋಯ್ತು. ಈಗ ಬಾಯಿಬಿಟ್ರೆ ನಿನ್ನ ಕೆಲಸಕ್ಕೇ ಕುತ್ತು. ಈ ಸಲ ಸರಿಯಾಗಿ ಅಂಕ ಹಾಕು, ಸಮ ಆಗುತ್ತೆ" ಅಂದರು.

ಸಮ ಆಗುತ್ತೆ. ಇವತ್ತು ಬಸ್ಸಿನಲ್ಲಿ, ಬೆಂಚಿನಲ್ಲಿ, ಅದನ್ನೇ ಹೇಳಿಕೊಂಡೆ. ಸಂಜೆ ಬಟ್ಟೆ ಮಡಿಸುತ್ತಿದ್ದಾಗ ಫಕ್ಕನೆ ಹೊಳೆಯಿತು. ನಾನು ಹೇಳಿದ ಹಾಗೆ ಕೆತ್ತುತ್ತಿದ್ದಾಳಲ್ಲ ಅವಳು ಈಗ.

ಏಪ್ರಿಲ್ 6, ಭಾನುವಾರ

ಅಜ್ಜನ ಬೀದಿಗೆ ಹೋಗಿದ್ದೆ.

ಪರೀಕ್ಷೆಯ ನೋಟೀಸು ಬಂದ ಮೇಲೆ ಅಂಕ ಹಾಕುವವರು ಅಭ್ಯರ್ಥಿಗಳ ಜೊತೆ ಮಾತಾಡುವಂತಿಲ್ಲ. ಗೊತ್ತಿದ್ದೂ ಹೋದೆ. ಹಳೆಯ ತರಾನೇ ಕೆತ್ತಮ್ಮ, ನಾನು ಹೇಳಿದ್ದು ಮರೆತುಬಿಡು — ಇಷ್ಟೇ ಹೇಳಿ ಬರುವುದು ಅಂತ. ಯಾಕೆ ಅಂತ ಕೇಳಿದರೆ? ಅದಕ್ಕೊಂದು ಸುಳ್ಳು ದಾರಿಯುದ್ದಕ್ಕೂ ಹುಡುಕಿದೆ.

ಇಕ್ಕಟ್ಟಾದ ಬೀದಿ. ಮೂಲೆಯಲ್ಲಿ ಸೈಕಲ್ ರಿಪೇರಿ ಅಂಗಡಿ. ಅಜ್ಜನ ಮನೆ ನೆಲಮಹಡಿ, ಕಿಟಕಿ ಬೀದಿಗೇ ತೆರೆದಿದೆ. ಒಳಗೆ ಇಬ್ಬರೂ ಮೇಜಿಗೆ ಬಗ್ಗಿ ಕೂತಿದ್ದರು. ಹುಡುಗಿ ಕೆತ್ತುತ್ತಿದ್ದಳು. ಅಜ್ಜ ಅವಳ ಮಣಿಕಟ್ಟಿನ ಮೇಲೆ ಬೆರಳಿಟ್ಟು, "ಇನ್ನೂ ತಗ್ಗಿಸು... ಇನ್ನೂ ಸ್ವಲ್ಪ... ಹಾಂ, ದುಂಡಗೆ" ಅನ್ನುತ್ತಿದ್ದರು. ಕಿಟಕಿಯ ಹಲಗೆಯ ಮೇಲೆ ಮೇಣದ ಹಲ್ಲುಗಳು ಸಾಲಾಗಿ. ಎಡಗಡೆಯವು ಚೂಪು. ಬಲಕ್ಕೆ ಬರುತ್ತ ಬರುತ್ತ ಮೊನೆ ಕರಗಿ, ಕೊನೆಯದು ಹೊಳೆಯ ಕಲ್ಲಿನ ಹಾಗೆ ನುಣ್ಣಗಿತ್ತು.

ಹುಡುಗಿ ತಲೆ ಎತ್ತಿ ಬೀದಿ ನೋಡಿದಳು. ನನ್ನ ಗುರುತು ಅವಳಿಗಿಲ್ಲ. ನಾನು ಸೈಕಲ್ ಅಂಗಡಿಯವನ ಹತ್ತಿರ ಬಸ್ ಸ್ಟಾಪ್ ಎಲ್ಲಿ ಅಂತ ಕೇಳಿದೆ. ಅಲ್ಲಿಂದಲೇ ಇಳಿದು ಬಂದಿದ್ದೆ.

ನಿಯಮ ಇದೆಯಲ್ಲ, ಮಾತಾಡುವಂತಿಲ್ಲ ಅಂತ. ಬಸ್ಸಿನಲ್ಲಿ ಕೂತು ಆ ನಿಯಮವನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡೆ! ಮೊದಲ ಸಲ ಅದೇ ನಿಯಮ ಪುಸ್ತಕವನ್ನು ಕಾಲಲ್ಲಿ ಒದ್ದವಳು. ನಾಚಿಕೆ ಆಗಬೇಕು ನನಗೆ. ಆಗುತ್ತಿದೆ.

ಏಪ್ರಿಲ್ 15, ಮಂಗಳವಾರ

ಎರಡನೇ ಪರೀಕ್ಷೆಯ ಅಂಕ. ಈ ಸಲ ಎಂಟು ಡಬ್ಬಿ. ಯಜಮಾನರು ನನ್ನನ್ನು ಕರೆಯಲೂ ಇಲ್ಲ, ನಗಲೂ ಇಲ್ಲ. ಒಂದು ಸಲ ದಾರಿ ತೋರಿಸಿದರೆ ಎತ್ತು ತಾನೇ ಹೋಗುತ್ತದೆ ಅಂತ ಅವರಿಗೆ ಗೊತ್ತು.

ಮೂರನೇ ಡಬ್ಬಿ. ಗೀರಿನ ಬಾಲ ಒಳಗಡೆ. ಅವಳದೇ.

ಮೊನೆಯೇ ಇಲ್ಲ. ಎಷ್ಟು ಶ್ರದ್ಧೆಯಿಂದ ಸವೆಸಿದ್ದಾಳೆ! ಎಲ್ಲ ಕಡೆ ಒಂದೇ ಸಮ, ದುಂಡಗೆ, ನುಣ್ಣಗೆ. ಉಂಡು ಮಲಗಿದ ಹಲ್ಲು. ಇದರಲ್ಲಿ ಅನ್ನ ಕೂಡ ಅಗಿಯಲಾಗದು. ಒಂಬತ್ತು ಹಾಕಿ ಹೊರಗೆ ಬಂದೆ.

ಅಧಿಕಾರಿ ಮೂವರ ಅಂಕ ಜೋಡಿಸಿ ನೋಡಿ ನನ್ನನ್ನು ಕರೆದಳು. "ಮೇಡಂ, ಮೂರನೇ ನಂಬರಿಗೆ ಅವರಿಬ್ಬರೂ ನಾಲ್ಕು ಕೊಟ್ಟಿದ್ದಾರೆ. ನಿಮ್ಮದು ಒಂಬತ್ತು. ಯಾವ ಗುಣಕ್ಕೆ ಅಂತ ಹೇಳ್ತೀರಾ?"

ಹಲ್ಲನ್ನು ನನ್ನ ಅಂಗೈ ಮೇಲೆ ಇಟ್ಟಳು. ಕೋಪವಿಲ್ಲ, ಅನುಮಾನವಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ಡಾಕ್ಟರು ಸ್ಕೂಟರ್ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಏನು ಹೇಳಲಿ? ಈ ಕೈಗೆ ಒಂಬತ್ತು, ಈ ಹಲ್ಲಿಗಲ್ಲ. ಈ ಕೈಯನ್ನು ಕೆಡಿಸಿದವಳು ನಾನು. ಬಾಯಿ ಬಿಟ್ಟರೆ ಬಣ್ಣಗೇಡು. ಬಣ್ಣಗೇಡಾದರೆ ಆಗಲಿ ಅನ್ನುವ ಧೈರ್ಯ ಬರುವ ಮೊದಲೇ ನಾಲಿಗೆ ಬೇರೆ ಮಾತು ಹುಡುಕಿತ್ತು.

"ಅಯ್ಯೋ, ಪಕ್ಕದ ನಂಬರಿಗೆ ಹಾಕೋದು ಇದಕ್ಕೆ ಹಾಕ್ಬಿಟ್ಟೆ."

"ಪರವಾಗಿಲ್ಲ ಮೇಡಂ, ಎಲ್ಲರಿಗೂ ಆಗುತ್ತೆ." ಹೊಸ ಹಾಳೆ ಕೊಟ್ಟಳು.

ನಾಲ್ಕು ಹಾಕಿದೆ. ಕಾರಣ: "ಮೊನೆಗಳಿಲ್ಲ. ಅಗಿಯಲು ಬಾರದು." ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಮೊದಲ ಸಲ ಬರೆದದ್ದು ಸುಳ್ಳು, ಈ ಸಲದ್ದು ನಿಜ, ಎರಡರಿಂದಲೂ ಕೆಲಸ ಹೋದದ್ದು ಅವಳದೇ. ಮನೆಗೆ ಬಂದು ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತುಬಿಟ್ಟೆ. ಯಾರಿಗೂ ಕೇಳಿಸಿರಲಾರದು.

ಏಪ್ರಿಲ್ 26, ಶನಿವಾರ

ಊಟದ ಹೊತ್ತಿಗೆ ಅಜ್ಜನ ಫೋನ್. ಬೆಂಚಿನಲ್ಲೇ ತೆಗೆದುಕೊಂಡೆ.

"ಮಗಳೇ, ಕಾಗದ ಬಂತು. ಹೋದ ಸಲ ಚೂಪು ಅಂದ್ರು, ಈ ಸಲ ಮೊನೆನೇ ಇಲ್ಲ ಅಂತಾರೆ." ನಾನು ತೆರೆದಿಟ್ಟ ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದೆ. ಅವರೇ ಮುಂದುವರಿಸಿದರು. "ನೀನು ಹೇಳಿದ್ದನ್ನ ನಾನೇ ಸರಿಯಾಗಿ ತಿಳ್ಕೊಳ್ಳಲಿಲ್ಲ. ಸ್ವಲ್ಪ ಅಂದಿದ್ದೆ ನೀನು, ನಾನು ಜಾಸ್ತಿ ತೆಗೆಸಿಬಿಟ್ಟೆ. ಮುದಿ ಬುದ್ಧಿ. ಹುಡುಗಿಯ ಅನ್ನ ನಾನೇ ಕಿತ್ತುಕೊಂಡ ಹಾಗಾಯ್ತು."

"ಇಲ್ಲ ಅಜ್ಜ, ನಿಮ್ಮದೇನೂ..."

"ಅವಳು ಈಗ ಕೆತ್ತೋದೇ ಇಲ್ಲ ಅಂತಾಳೆ. ಯಾವ್ದು ಸರಿ ಅಂತಾನೇ ಗೊತ್ತಾಗಲ್ಲ, ಕೈನೇ ಹೋಯ್ತು ಅಂತಾಳೆ. ಸೋಮವಾರದಿಂದ ಪ್ಯಾಕಿಂಗ್ ಶೆಡ್ಡು. ನಾಳೆ ಸಂಜೆ ನಿಮ್ಮನೆಗೆ ಬರ್ತೀನಿ. ಎಷ್ಟು ಚೂಪಿರ್ಬೇಕು ಅಂತ ಒಂದು ಸಲ ಸರಿಯಾಗಿ ತೋರಿಸ್ಕೊಡು, ಅದೇ ತರ ಕೆತ್ತಿಸ್ತೀನಿ."

ಬನ್ನಿ ಅಂದೆ. ಡಬ್ಬಿ ಮುಚ್ಚಿ ಹಾಗೇ ಮನೆಗೆ ತಂದೆ.

ಏಪ್ರಿಲ್ 27, ಭಾನುವಾರ, ಸಂಜೆ

ಇನ್ನೇನು ಬರುತ್ತಾರೆ. ಇವತ್ತು ಹೇಳಲೇಬೇಕು.

ಹೇಳಿದರೆ ಏನಾಗುತ್ತದೆ ಅಂತ ಗೊತ್ತಿದೆ. ಮೊದಲ ಕಾಗದದ ಮೇಲೆ ದೂರು ಕೊಡಲು ಇನ್ನೂ ಗಡುವಿದೆ. ಆ ಹಲ್ಲು ಡಬ್ಬಿಯಲ್ಲಿ ಸೀಲಾಗಿ ಅಧಿಕಾರಿಯ ಹತ್ತಿರವಿದೆ. ಯಾರು ಬೇಕಾದರೂ ಈಗಲೂ ತೆಗೆದು ನೋಡಬಹುದು, ಒಂಬತ್ತರ ಹಲ್ಲು. ನನ್ನ ಬೆಂಚು ಹೋಗುತ್ತದೆ, ಕೆಲಸವೂ ಹೋಗುತ್ತದೆ. ಅವಳಿಗೆ ಅದು ಸಿಗುತ್ತದೆ. ಯಜಮಾನರು, ನಾನೇನೂ ಹೇಳಿರಲಿಲ್ಲ ಅನ್ನುತ್ತಾರೆ. ಹೇಳಿರಲಿಲ್ಲ, ನಿಜವೇ.

ಇನ್ನೂ ಒಂದು ನಿಜ. ಈ ಗಡುವು ಸದ್ದಿಲ್ಲದೆ ದಾಟಿಹೋಗಲಿ ಅಂತ ಒಳಗೆ ಯಾರೋ ಕಾಯುತ್ತಿದ್ದಳು. ನಾನೇ.

ಮೊದಲ ಮಾತು ಬರೆದಿಟ್ಟುಕೊಳ್ಳುತ್ತೇನೆ, ಇಲ್ಲವಾದರೆ ನಾಲಿಗೆ ಮತ್ತೆ ಕೈಕೊಡುತ್ತದೆ.

ಅಜ್ಜ, ಯಜಮಾನರು ಒತ್ತಾಯ ಮಾಡಿದರು — ಮಾಡಲಿಲ್ಲ. ನಕ್ಕರು ಅಷ್ಟೆ.

ಅಜ್ಜ, ಆವತ್ತು ನನ್ನ ಕಣ್ಣು ಸರಿ ಇರಲಿಲ್ಲ — ಅಷ್ಟು ಸರಿಯಾಗಿ ಅದು ಎಂದೂ ಇರಲಿಲ್ಲ.

ಅಜ್ಜ, ನಿಮ್ಮ ಮೊಮ್ಮಗಳ ಹಲ್ಲಿನಲ್ಲಿ ತಪ್ಪಿರಲಿಲ್ಲ. ಅವಳು ನಿಮ್ಮವಳು ಅಂತ ಗೊತ್ತಾಯಿತು, ಅದಕ್ಕೇ ಕಡಿಮೆ ಹಾಕಿದೆ.

ಇದು. ಇದನ್ನೇ ಹೇಳುವುದು.

ಗೇಟಿನ ಸದ್ದು. ಎರಡು ದನಿ. ಅವಳನ್ನೂ ಕರೆತಂದಿದ್ದಾರೆ. ಅತ್ತೆ ಬಾಗಿಲಲ್ಲೇ ಹಿಡಿದುಕೊಂಡಿದ್ದಾರೆ. "ಬಾಮ್ಮಾ ಒಳಗೆ. ಮುಖ ಯಾಕೆ ಇಷ್ಟು ಬಾಡಿದೆ?"

"ಆಂಟಿ ಹೇಳಿದ ಹಾಗೇ ಕೆತ್ತಿದ್ದೆ ಅಜ್ಜಿ" ಅನ್ನುತ್ತಿದ್ದಾಳೆ. ಅವಳ ದನಿ ಕೇಳುತ್ತಿರುವುದು ಇದೇ ಮೊದಲು. "ಒಂದು ಚೂರೂ ನನ್ನಿಷ್ಟದ ಹಾಗೆ ಮಾಡಲಿಲ್ಲ."

ಹೇಳಬೇಕಾದ್ದು ಅಜ್ಜನಿಗಲ್ಲ. ಮೊದಲು ಅವಳಿಗೆ. ಮಗೂ, ನಿನ್ನ ಕೈ ಎಲ್ಲೂ ಹೋಗಿಲ್ಲ. ನಿನ್ನ ಕೈ ಚೆನ್ನಾಗಿತ್ತು. ಕೆಡಿಸಿದವಳು ನಾ—